ಸುಲಿದಿಟ್ಟ ಅವರೆಕಾಳು

ಎಲ್ಲರಿಗೂ ನಮಸ್ಕಾರ.

ಅವರೆ ಕಾಲ ಬಂತು ಅಂದ್ರೆ ನಾವು ಯಾರೂ ಒಂದು ಕೆಜಿ ತರುವುದಿಲ್ಲ. ತಂದರೆ ಐದು ಕೆಜಿ. ರಾತ್ರಿ ಟೀವಿ ಮುಂದೆ ಕೂತು ಅಷ್ಟನ್ನೂ ಸುಲಿದು, ಪ್ಲಾಸ್ಟಿಕ್ ಕವರಿಗೆ ತುಂಬಿ, ಗಂಟು ಹಾಕಿ ಫ್ರಿಜ್ಜಿನಲ್ಲಿಟ್ಟರೆ ವಾರವಿಡೀ ನಿಶ್ಚಿಂತೆ ಅಂದುಕೊಳ್ಳುತ್ತೇವೆ, ಅಲ್ವಾ? ನಾನೂ ಎಷ್ಟೋ ವರ್ಷ ಹೀಗೇ ಮಾಡಿದೆ. ದಯವಿಟ್ಟು ಹಾಗೆ ಮಾಡಬೇಡಿ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ಕಿತ್ತ ಮೇಲೂ ಕಾಯಿಗೆ ಜೀವ ಇರುತ್ತದೆ. ಅದು ಉಸಿರಾಡುತ್ತಿರುತ್ತದೆ. ನಂಬಿಕೆ ಬರದಿದ್ದರೆ, ರಾತ್ರಿಯೆಲ್ಲಾ ಬಿಗಿಯಾಗಿ ಕಟ್ಟಿಟ್ಟ ಮೂಟೆಯ ನಡುವೆ ಕೈ ತೂರಿಸಿ ನೋಡಿ, ಬೆಚ್ಚಗಿರುತ್ತದೆ. ತನ್ನೊಳಗಿನ ಸಕ್ಕರೆಯನ್ನು ತಾನೇ ಸುಡುತ್ತಿರುವ ಬಿಸಿ ಅದು. ಎಳೆಗಾಳಿನ ಸಿಹಿ ಮೂರನೇ ದಿನಕ್ಕೆ ಕಮ್ಮಿಯಾಗುವುದಕ್ಕೆ ಇದೂ ಒಂದು ಕಾರಣ. ಪ್ರೋಟೀನು, ನಾರು, ಕಬ್ಬಿಣ ಇವೆಲ್ಲ ಅಷ್ಟು ಬೇಗ ಎಲ್ಲೂ ಹೋಗುವುದಿಲ್ಲ. ಮೊದಲು ಹೋಗುವುದು ವಿಟಮಿನ್ ಸಿ. ನಾವು ದಿನಾ ಪಲ್ಯಕ್ಕೆ ಹೆಚ್ಚುವ ಹುರುಳಿಕಾಯನ್ನೇ ತಗೊಳ್ಳಿ, ಫ್ರಿಜ್ಜಿನಲ್ಲಿಟ್ಟರೂ ಒಂದು ವಾರದಲ್ಲಿ ಅದರ ವಿಟಮಿನ್ ಸಿ ಅರ್ಧಕ್ಕಿಂತ ಜಾಸ್ತಿ ಹೋಗಿಬಿಡುತ್ತದೆ. ಹೊರಗಿಟ್ಟರೆ ಇನ್ನೂ ಬೇಗ.

ಹಾಗಂತ ತೀರಾ ತಣ್ಣಗಿನ ಜಾಗವೂ ಹುರುಳಿಕಾಯಿಗೆ ಆಗಿಬರುವುದಿಲ್ಲ. 5ರಿಂದ 7 ಡಿಗ್ರಿ ಸಾಕು. ಅದಕ್ಕಿಂತ ಕೆಳಗೆ ಹೋದರೆ ಸಿಪ್ಪೆ ಮೇಲೆ ಸಣ್ಣ ಸಣ್ಣ ಗುಳಿ, ತುಕ್ಕಿನ ಬಣ್ಣದ ಚುಕ್ಕೆ ಬರುತ್ತವೆ. ಕೆಳಗಿನ ತರಕಾರಿ ಡ್ರಾಯರಿನಲ್ಲಿ, ತೂತಿರುವ ಕವರಿನಲ್ಲಿಡಿ. ತೊಳೆದು ಇಡಬೇಡಿ.

ಈಗ ಹಿತಕಿದ ಬೇಳೆ ವಿಷಯ. ಒಂದು ಸಲ ಮನೆಗೆ ನೆಂಟರು ಬರುತ್ತಾರೆ ಅಂತ ಎರಡು ದಿನ ಮುಂಚೆಯೇ ಕಾಳು ನೆನೆಸಿ, ಹಿತಕಿ, ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ತೆಗೆದಾಗ ಲೋಳೆಲೋಳೆ, ಹುಳಿ ವಾಸನೆ. ಅಷ್ಟು ಹೊತ್ತು ಕೂತು ಹಿತಕಿದ್ದೆಲ್ಲ ತಿಪ್ಪೆಗೆ ಹೋಯಿತು, ಹೊಟ್ಟೆ ಉರಿಯಿತು. ನೆನೆಸಿದ ನೀರಿಗೆ ಫೋಲೇಟ್ ಅನ್ನುವ ಬಿ ವಿಟಮಿನ್, ವಿಟಮಿನ್ ಸಿ ಸ್ವಲ್ಪ ಇಳಿಯುತ್ತವೆ. ಸಿಪ್ಪೆಯ ಜೊತೆ ನಾರೂ ಹೋಗುತ್ತದೆ. ಮೇಲಿನ ಕವಚವೇ ಇಲ್ಲದ ಒದ್ದೆ ಬೇಳೆ ಇನ್ನೆಷ್ಟು ದಿನ ತಡೆದೀತು? ಹಿತಕುವುದಿದ್ದರೆ ಅಡುಗೆ ಮಾಡುವ ದಿನವೇ ಹಿತಕಿ.

ತಿಂಗಳುಗಟ್ಟಲೆ ಇಡಲೇಬೇಕು ಅಂದರೆ, ತಂದ ದಿನವೇ ಕೂತುಬಿಡಿ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಕಾಳನ್ನು ಎರಡು ಮೂರು ನಿಮಿಷ ಹಾಕಿ ತೆಗೆದು, ತಕ್ಷಣ ಐಸ್ ನೀರಿಗೆ ಹಾಕಿ, ಬಟ್ಟೆ ಮೇಲೆ ಆರಿಸಿ, ಆಮೇಲೆ ಫ್ರೀಜರಿಗೆ. ಸುಮ್ನೆ ಹಸಿಯಾಗಿ ಹಾಕಿದರೆ ಕಾಳಿನೊಳಗಿನ ಕಿಣ್ವಗಳು ಆ ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡಿ ಬಣ್ಣ, ರುಚಿ ಎರಡನ್ನೂ ಕೆಡಿಸುತ್ತವೆ. ಬಿಸಿನೀರಿನಲ್ಲಿ ಒಂದಿಷ್ಟು ವಿಟಮಿನ್ ಹೋಗುವುದು ನಿಜ. ಆದರೆ ಉಳಿದದ್ದು -18 ಡಿಗ್ರಿಯಲ್ಲಿ ಬಹಳ ಕಾಲ ನಿಲ್ಲುತ್ತದೆ. ವಾರ ಬಾಡಿದ 'ಫ್ರೆಶ್' ಕಾಯಿಗಿಂತ ಹೀಗಿಟ್ಟಿದ್ದೇ ವಾಸಿ. ಅಡುಗೆಗೆ ತೆಗೆದಾಗ ಕರಗಿಸುತ್ತಾ ಕೂರಬೇಡಿ, ನೇರವಾಗಿ ಕುದಿಯುವ ಸಾರಿಗೆ ಹಾಕಿ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಬಂದ ಮೇಲೆ ಚಳಿಗಾಲ ಬಿಟ್ಟೂ ಅವರೆ ಬೆಳೆಯಬಹುದು. ಹಾಗಾಗಿ ಐದು ಕೆಜಿ ಹೊತ್ತು ತರುವ ಅವಸರ ಬೇಡ. ಎರಡು ದಿನಕ್ಕಾಗುವಷ್ಟು ತನ್ನಿ, ಸಿಪ್ಪೆ ಸಮೇತ ಇಡಿ, ಸಾರಿಗೆ ಒಗ್ಗರಣೆ ಹಾಕುವ ಮುಂಚೆ ಸುಲಿಯಿರಿ. ಆ ಸೊಗಡು ಇರುವುದು ಕಾಯಿಯ ಸಿಪ್ಪೆ ಮೇಲಿನ ಎಣ್ಣೆಯಂಥ ಜಿಡ್ಡಿನಲ್ಲಿ. ಸುಲಿದ ಕೈಯನ್ನು ಮೂಸಿ ನೋಡಿ, ಗೊತ್ತಾಗುತ್ತದೆ.