ಅಪ್ಪನ ಯಕ್ಷಗಾನಕ್ಕೂ ತಮ್ಮನ ಮೆಟಲ್‌ಗೂ ಒಂದೇ ಜೊತೆ ಸ್ಪೀಕರ್! | ಎರಡು ದಿನ ದಡ್ಡನಾದ ಕಥೆ

ಹಾಂ, ನಮಸ್ಕಾರ ಎಲ್ರಿಗೂ. ಬಾಕ್ಸ್ ಬಿಚ್ಚೋದು ನಿಮಗೇ ಕಾಣಿಸ್ತಿದೆ, ಅದಕ್ಕೆ ನಾನೇನು ಕಾಮೆಂಟರಿ ಕೊಡಲ್ಲ. ಥರ್ಮಾಕೋಲ್ ಸೌಂಡ್ ಮ್ಯೂಟ್ ಮಾಡಿದ್ದೀನಿ, ಅದು ಕೇಳಿದ್ರೆ ನನಗೆ ಹಲ್ಲು ಜುಂ ಅನ್ನುತ್ತೆ. ಬ್ರ್ಯಾಂಡ್ ಯಾವ್ದು ಅಂತ ಕೇಳ್ಬೇಡಿ, ಲೋಗೋ ಮೇಲೆ ಟೇಪ್ ಅಂಟಿಸಿದ್ದೀನಿ, ಅವ್ರೇನು ನನಗೆ ಫ್ರೀ ಕೊಟ್ಟಿಲ್ಲ. ಒಂದು ಜೊತೆ ಸ್ಪೀಕರ್‌ಗೆ 31,500, ಅದ್ರಲ್ಲಿ 18 ಪರ್ಸೆಂಟ್ ಜಿಎಸ್‌ಟಿನೂ ಸೇರಿದೆ. ಅಮ್ಮಂಗೆ 13,000 ಅಂತ ಹೇಳಿದ್ದೀನಿ. ಅಮ್ಮ ಈ ಚಾನೆಲ್ ನೋಡಲ್ಲ ಅನ್ನೋದೊಂದೇ ಧೈರ್ಯ.

ನಮ್ಮನೇಲಿ ಪ್ರಾಬ್ಲಮ್ ಏನಂದ್ರೆ, ಅಪ್ಪ ಉಡುಪಿ ಕಡೆಯವರು, ಯಕ್ಷಗಾನ ಬಿಟ್ರೆ ಮಿಕ್ಕಿದ್ದೆಲ್ಲ ಗಲಾಟೆ ಅವ್ರಿಗೆ. ತಮ್ಮ ಬೆಳಿಗ್ಗೆಯಿಂದ ರಾತ್ರಿವರೆಗೂ ಮೆಟಲ್ಲು. ನಾನು ಮೂಡ್ ಬಂದ ಹಾಗೆ, ಒಂದಿನ ಗಂಗೂಬಾಯಿ ಹಾನಗಲ್, ಇನ್ನೊಂದಿನ ಹಿಪ್‌ಹಾಪ್, ಪಾತ್ರೆ ತೊಳಿಯೋವಾಗ ಸಿನಿಮಾ ಹಾಡು. ಮೂರು ಜನಕ್ಕೂ ಇರೋದು ಒಂದೇ ಹಾಲ್, 10 ಅಡಿ 12 ಅಡಿ, ಅದ್ರಲ್ಲೇ ಸೋಫಾ, ಅದ್ರಲ್ಲೇ ಅಪ್ಪನ ಈಸಿಚೇರು.

ಇದು ಶೋರೂಮ್ ಶಾಟು, ಕದ್ದು ತೆಗ್ದಿದ್ದು, ಅದಕ್ಕೇ ಬರೀ ನೆಲ ಕಾಣ್ತಿದೆ, ಸಾರಿ. ಇಲ್ಲಿ ಅವ್ರು ಹಾಕೋ ಡೆಮೋ ಹಾಡು ಕೇಳಿ ಯಾರೂ ಮೋಸ ಹೋಗ್ಬೇಡಿ. ಒಂದು ಗಿಟಾರು, ಒಂದು ಹುಡುಗಿ ಮೈಕ್ ಹತ್ರ ಬಾಯಿ ಇಟ್ಟು ಪಿಸುಪಿಸು ಅಂತ ಹಾಡ್ತಾಳೆ. ಅದು ನನ್ನ ಹಳೇ ಬಟನ್ ಫೋನಲ್ಲೂ ಚೆನ್ನಾಗೇ ಕೇಳುತ್ತೆ! ಆಮೇಲೆ ಸ್ವಿಚ್ ಒತ್ತಿ ಒತ್ತಿ ಎರಡು ಸ್ಪೀಕರ್ ಬದಲಾಯಿಸಿ ತೋರಿಸ್ತಾರಲ್ಲ, ಅಲ್ಲೂ ಹುಷಾರಾಗಿರಿ. ಒಂದ್ರ ಸೆನ್ಸಿಟಿವಿಟಿ, ಅಂದ್ರೆ ಅಷ್ಟೇ ಪವರ್ ಕೊಟ್ರೆ ಎಷ್ಟು ಜೋರಾಗಿ ಕೇಳುತ್ತೆ ಅನ್ನೋದು, 86 ಡೆಸಿಬಲ್, ಇನ್ನೊಂದ್ರದ್ದು 89. ವಾಲ್ಯೂಮ್ ಮುಟ್ಟದೇ ಬದಲಾಯಿಸಿದ್ರೆ 89ರದ್ದು ಜೋರಾಗಿ ಕೇಳುತ್ತೆ, ಜೋರಾಗಿದ್ದಿದ್ದೇ ಚೆನ್ನಾಗಿದೆ ಅನ್ಸಿಬಿಡುತ್ತೆ ಕಿವಿಗೆ. ಆ ಮೂರು ಡೆಸಿಬಲ್ ತುಂಬೋಕೆ ಆಂಪ್ಲಿಫೈಯರ್ ಡಬಲ್ ಪವರ್ ಕೊಡ್ಬೇಕು. ನಾನೇ ವಾಲ್ಯೂಮ್ ತಿರುಗಿಸಿ ಸಮ ಮಾಡ್ಕೊಂಡು ಕೇಳ್ದೆ, ಹುಡುಗ ಮುಖ ಸಿಂಡರಿಸಿದ. ಸಿಂಡರಿಸ್ಲಿ, ದುಡ್ಡು ನಂದು.

ಪೆನ್‌ಡ್ರೈವಲ್ಲಿ ನಮ್ಮನೆ ಹಾಡೇ ತಗೊಂಡು ಹೋಗಿದ್ದೆ. ಮೊದಲನೇದು ಯಕ್ಷಗಾನದ ಭಾಗವತರು, ಅಂದ್ರೆ ಹಾಡೋರು, ಕಾಳಿಂಗ ನಾವಡರ ಪದ. ಅವ್ರು 1990ರಲ್ಲೇ ತೀರ್ಕೊಂಡ್ರು, ಅಪ್ಪನ ಹತ್ರ ಇರೋದೆಲ್ಲ ಕ್ಯಾಸೆಟ್ಟಿಂದ ಇಳಿಸಿದ್ದು, ಅದೂ ಕಾಪಿ ಮೇಲೆ ಕಾಪಿ. ಶೋರೂಮಲ್ಲಿ ಎಲ್ಲಕ್ಕಿಂತ ದುಬಾರಿ ಸ್ಪೀಕರ್‌ಗೆ ಹಾಕಿದ್ರೆ ಭಾಗವತಿಕೆಗಿಂತ ಜಾಸ್ತಿ ಟೇಪಿನ ಸುಯ್ ಅನ್ನೋ ಸದ್ದೇ ಕೇಳ್ತು, ಶೀಟ್ ಮನೆ ಮೇಲೆ ಮಳೆ ಹೊಯ್ದ ಹಾಗೆ. ಚಂಡೆ ಪೆಟ್ಟು ಒಂದೊಂದೂ ಹಣೆಗೆ ಬಡಿಯುತ್ತೆ. ಅದೇ ಸ್ಪೀಕರಲ್ಲಿ ಆ ಪಿಸುಪಿಸು ಹುಡುಗಿ ಮಾತ್ರ ಅದ್ಭುತ. ಆವಾಗ್ಲೇ ನನಗೆ ಗೊತ್ತಾಗಿದ್ದು, ಎಲ್ಲಾ ಥರದ ಹಾಡಿಗೂ ಸ್ಪೀಕರ್ ಬೇಕು ಅಂದ್ರೆ ಎಲ್ಲಾ ಥರದ ಕೆಟ್ಟ ರೆಕಾರ್ಡಿಂಗನ್ನೂ ಸಹಿಸ್ಕೊಳ್ಳೋ ಸ್ಪೀಕರ್ ಬೇಕು. ಚೆನ್ನಾಗಿ ರೆಕಾರ್ಡ್ ಆಗಿರೋದನ್ನ ಯಾವ್ದು ಬೇಕಾದ್ರೂ ನುಡಿಸುತ್ತೆ ಬಿಡಿ.

ಎರಡನೇದು ಗಂಗೂಬಾಯಿ. ಗಂಟಲಿನ ಆಪರೇಷನ್ ಆದ್ಮೇಲೆ ಅವ್ರ ದನಿ ಗಂಡಸರ ದನಿ ಥರ ಗಡುಸಾಯ್ತಲ್ಲ, ಆ ದನಿ ಎಷ್ಟೋ ಸ್ಪೀಕರ್‌ಗೆ ಅರ್ಥನೇ ಆಗಲ್ಲ. ಒಂದ್ರಲ್ಲಿ ಕೊಡದೊಳಗೆ ಹಾಡಿದ ಹಾಗೆ, ಇನ್ನೊಂದ್ರಲ್ಲಿ ಶೀತ ಆಗಿದೆ ಅನ್ನೋ ಹಾಗೆ. ಮಧ್ಯದ ಸ್ವರ ಸರಿಯಿದ್ರೆ ಮಿಕ್ಕಿದ್ದೆಲ್ಲ ಸುಧಾರಿಸ್ಕೋಬಹುದು. 1970ರ ದಶಕದಲ್ಲಿ ಬಿಬಿಸಿ ಎಂಜಿನಿಯರ್‌ಗಳು ಹೊರಗಡೆ ಪ್ರಸಾರಕ್ಕೆ ಹೋಗೋ ವ್ಯಾನಲ್ಲಿ ಇಡೋಕೆ ಅಂತ ಎಲ್‌ಎಸ್‌3/5ಎ ಅನ್ನೋ ಒಂದಡಿ ಎತ್ತರದ ಡಬ್ಬ ಮಾಡಿದ್ರು, ಆಳದ ಬೇಸ್ ಅನ್ನೋದೇ ಇಲ್ಲ ಅದ್ರಲ್ಲಿ, ಆದ್ರೂ ಮನುಷ್ಯರ ದನಿ ಹೇಳುತ್ತೆ ಅಂತ ಇವತ್ತಿಗೂ ಜನ ಹುಡುಕ್ಕೊಂಡು ಹೋಗ್ತಾರೆ. ನಮ್ಮಲ್ಲಿ ಒಂದು ಕಾಲದಲ್ಲಿ ಡಬ್ಬದ ಮೇಲೆ 2000 ವ್ಯಾಟ್ ಪಿಎಂಪಿಒ ಅಂತ, ಅಂದ್ರೆ ಸುಮ್ನೆ ಉಬ್ಬಿಸಿದ ಪವರ್ ಲೆಕ್ಕ, ಚಿನ್ನದ ಅಕ್ಷರದಲ್ಲಿ ಬರೀತಿದ್ರು, ನಮ್ಮ ಮಾವನ ಮನೇಲಿತ್ತು ಒಂದು, ಅದ್ರ ಮೇಲೆ ಗಣಪತಿ ಕೂರಿಸ್ತಿದ್ರು… ಎಲ್ಲಿಗೋ ಹೋದೆ, ಶಾಟ್ ಮುಗೀತಾ ಬಂತು.

ಮೊದಮೊದಲು ನೆಲದ ಮೇಲೆ ನಿಲ್ಲೋ ಆಳೆತ್ತರದ ಫ್ಲೋರ್‌ಸ್ಟ್ಯಾಂಡರೇ ತರ್ತೀನಿ ಅಂತ ಇದ್ದೆ. ಫ್ರೆಂಡ್ ಒಬ್ಬ ಅಂಥದ್ದೇ ಅವನ ಸ್ಪೀಕರ್ ಜೊತೆನ ಒಂದು ವಾರಕ್ಕೆ ಕೊಟ್ಟಿದ್ದ, ನಮ್ಮ ಹಾಲಲ್ಲಿ ಇಟ್ಟಿದ್ದೇ ತಡ ಗುಂಯ್ ಅಂತ ಒಂದೇ ಸ್ವರ. 40 ಹರ್ಟ್ಜ್, ಅಂದ್ರೆ ಆಳದ ಬೇಸ್ ಸದ್ದು, ಅದ್ರ ಅಲೆ ಒಂದರ ಉದ್ದ ಸುಮಾರು ಎಂಟೂವರೆ ಮೀಟರು, ನಮ್ಮ ಹಾಲ್ ಅದ್ರ ಅರ್ಧನೂ ಇಲ್ಲ. 10/12 ರೂಮು ತಾನೇ ತಾನಾಗಿ 47, 56 ಹರ್ಟ್ಜ್ ಹತ್ರ ಹಾಡೋಕೆ ಶುರು ಮಾಡುತ್ತೆ, ನೀವು ಏನೇ ಹಾಕಿ. ಮದ್ದಳೆಗೂ ಅದೇ ಗುಂಯ್, ಬೇಸ್ ಗಿಟಾರ್‌ಗೂ ಅದೇ ಗುಂಯ್. ಅದಕ್ಕೆ ಬುಕ್‌ಶೆಲ್ಫ್ ಅನ್ನೋ ಚಿಕ್ಕ ಸ್ಪೀಕರೇ ತಗೊಂಡೆ, ಆರೂವರೆ ಇಂಚಿನ ವೂಫರ್, ಅಂದ್ರೆ ಬೇಸ್ ನುಡಿಸೋ ಕೋನ್. ಹಿಂದಿರೋ, ಬೇಸ್ ಹೊರಗೆ ಬಿಡೋ ತೂತಿಗೆ ಗುಂಯ್ ಕಮ್ಮಿ ಆಗ್ಲಿ ಅಂತ ತುರುಕಿರೋದು ನನ್ನ ಸಾಕ್ಸು. ಒಗೆದಿದ್ದು. ನಗ್ಬೇಡಿ, ಗೋಡೆ ಒಂದಡಿ ಹತ್ರ ಇದ್ರೆ ಇದು ನಿಜವಾಗ್ಲೂ ಕೆಲಸ ಮಾಡುತ್ತೆ.

ಈಗ ಬರುತ್ತೆ ನನ್ನ ಮಾನ ಹೋಗಿದ್ದು. ಎಸ್‌ಪಿ ರೋಡಲ್ಲಿ ವೈರ್ ತಗೊಂಡೆ, ಮೀಟರಿಗೆ 60, ಎರಡೂ ಎಳೆ ಟ್ರಾನ್ಸ್‌ಪರೆಂಟು, ಪ್ಲಸ್ ಯಾವ್ದು ಅಂತ ಗೊತ್ತಾಗೋಕೆ ಒಂದ್ರ ಮೇಲೆ ತೆಳ್ಳಗೆ ಕೆಂಪು ಗೀಟು ಇರ್ಬೇಕು. ಗೀಟು ಅರ್ಧಕ್ಕೇ ಮಾಯ ಆಗಿದೆ, ನೋಡಿ ಇಲ್ಲಿ, ಝೂಮ್ ಮಾಡಿದ್ದೀನಿ. ಅದು ರಾತ್ರಿ ಹನ್ನೊಂದು ಗಂಟೆಗೆ ಮೊಬೈಲ್ ಟಾರ್ಚಲ್ಲಿ ನನಗೆ ಕಾಣ್ಲಿಲ್ಲ. ಕನೆಕ್ಟ್ ಮಾಡಿ ಹಾಕಿದ್ರೆ ಬೇಸೇ ಇಲ್ಲ. ಇಲ್ಲ ಅಂದ್ರೆ ಇಲ್ಲವೇ ಇಲ್ಲ. ದನಿ ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗ್ತಿಲ್ಲ, ತಲೆ ಹಿಂದಿಂದ ಬಂದ ಹಾಗೆ. ನಾನು ಸ್ಪೀಕರ್ ಸರಿಸ್ದೆ, ಸಾಕ್ಸ್ ತೆಗ್ದೆ, ಸಾಕ್ಸ್ ಹಾಕ್ದೆ, ಆಂಪ್ಲಿಫೈಯರ್ ಬೈದೆ, ಶೋರೂಮ್ ಹುಡುಗನಿಗೆ ವಾಟ್ಸಾಪಲ್ಲಿ ಏಳು ವಾಯ್ಸ್ ಮೆಸೇಜ್ ಕಳಿಸ್ದೆ, ಅದ್ರಲ್ಲಿ ಒಂದು ನಾಲ್ಕು ನಿಮಿಷದ್ದು, ಕನ್ಸ್ಯೂಮರ್ ಕೋರ್ಟ್ ಅಂತೆಲ್ಲ ಅಂದಿದ್ದೀನಿ. ಪಾಪ, ಅವನು ಪ್ರತಿ ಸಲ "ಸರ್, ಪ್ಲಸ್ ಮೈನಸ್ ಚೆಕ್ ಮಾಡಿ" ಅಂತಾನೇ ಇದ್ದ. ನನಗೇ ಹೇಳಿಕೊಡ್ತಾನಾ ಅಂತ ಕೋಪ.

ಎರಡನೇ ದಿನ ಸಾಯಂಕಾಲ ಅಪ್ಪ ನಾವಡರ ಪದ ಹಾಕ್ಸಿ ಕೇಳಿದ್ರು. "ಎಂತದು ಮಾರಾಯ ಇದು, ಭಾಗವತರು ರಂಗಸ್ಥಳದಲ್ಲಿ ಇಲ್ಲ, ಚೌಕಿಯಲ್ಲಿ ಕೂತು ಹಾಡಿದ ಹಾಗೆ ಕೇಳ್ತದೆ" ಅಂದ್ರು. ಚೌಕಿ ಅಂದ್ರೆ ವೇಷ ಕಟ್ಟೋ ಜಾಗ. ಮಾತಾಡದೇ ಎದ್ರು, ಟಿವಿ ರಿಮೋಟಿಂದ ಸೆಲ್ ಕಿತ್ರು, ಆಂಪ್ಲಿಫೈಯರ್ ಕಡೆಯಿಂದ ವೈರ್ ಬಿಚ್ಚಿ ಸೆಲ್ಲಿಗೆ ಮುಟ್ಟಿಸಿದ್ರು. ಈ ಕ್ಲಿಪ್ ನೋಡಿ, ಎಡಗಡೆ ಕೋನ್ ಟಪ್ ಅಂತ ಮುಂದೆ ಬಂತು. ಬಲಗಡೇದು… ಟಪ್ ಅಂತ ಹಿಂದೆ ಹೋಯ್ತು. ಒಂದು ತಳ್ಳೋವಾಗ ಇನ್ನೊಂದು ಎಳೀತಿದ್ರೆ ಬೇಸ್ ಎಲ್ಲಿಂದ ಬರ್ಬೇಕು, ಒಂದನ್ನೊಂದು ನುಂಗಾಕಿವೆ. ಸ್ಟೀರಿಯೋ ಹಾಡಲ್ಲಿ ನಾನು ಹೇಗೋ ಸಮಾಧಾನ ಮಾಡ್ಕೊಂಡಿದ್ದೆ, ಮೋನೋ ಕ್ಯಾಸೆಟ್ಟು ಅಂದ್ರೆ ಎರಡೂ ಸ್ಪೀಕರಲ್ಲಿ ಒಂದೇ ಸದ್ದು, ದನಿ ನಟ್ಟನಡುವೆ ನಿಲ್ಬೇಕಲ್ಲ, ಅಲ್ಲಿ ಸಿಕ್ಕಿಬಿತ್ತು. ಅಪ್ಪಂಗೆ ಈ ಸೆಲ್ ವಿದ್ಯೆ ಎಲ್ಲಿಂದ ಬಂತು ಅಂದ್ರೆ, ಚಿಕ್ಕವರಿದ್ದಾಗ ಊರಲ್ಲಿ ಮೈಕ್ ಸೆಟ್ ಅಂಗಡೀಲಿ ಕೆಲಸ ಮಾಡಿದ್ರಂತೆ. ಇಷ್ಟು ವರ್ಷ ಹೇಳೇ ಇಲ್ಲ!

ವೈರ್ ತಿರುಗಿಸಿ ಹಾಕಿದ್ದು ಒಂದು ನಿಮಿಷದ ಕೆಲಸ. ಕೆಳಗೆ ಇಟ್ಟಿರೋದು ಅಜ್ಜಿ ಕಾಲದ ಮಣೆ, ಟ್ವೀಟರ್, ಅಂದ್ರೆ ಮೇಲಿನ ಸ್ವರ ನುಡಿಸೋ ಚಿಕ್ಕ ಭಾಗ, ಕೂತವರ ಕಿವಿ ಮಟ್ಟಕ್ಕೆ ಬರ್ಲಿ ಅಂತ. ಈಗ ನಾವಡರು ನಡುವೆ ಬಂದ್ರು, ಮದ್ದಳೆ ಅವ್ರ ಪಕ್ಕ. ಟೇಪಿನ ಸುಯ್ ಇದೆ, ಇರ್ಲಿ, ಅದ್ರ ಪಾಡಿಗೆ ಅದು. ಗಂಗೂಬಾಯಿ ಕೊಡದಿಂದ ಹೊರಗೆ ಬಂದ್ರು, ತಂಬೂರಿ ಜುಂಯ್ ಅಂತ ಪೂರ್ತಿ ಕೇಳುತ್ತೆ. ತಮ್ಮ ಮೆಟಲ್ ಹಾಕ್ದ, ಡಬಲ್ ಬೇಸ್ ಡ್ರಮ್ಮಿನ ಒಂದೊಂದು ಒದೆತನೂ ಬೇರೆ ಬೇರೆ ಎಣಿಸ್ಬಹುದು, ಅವನು ಪಾಸ್ ಮಾಡ್ದ. ಹಿಪ್‌ಹಾಪಲ್ಲಿ ಮಾತ್ರ, ಸುಳ್ಳು ಹೇಳಲ್ಲ, ಆ ಹೊಟ್ಟೆ ನಡುಗಿಸೋ ಕೆಳಗಿನ ಬೇಸು ಇಲ್ಲ. ಆ ಬೇಸಿಗೆ ಅಂತಾನೇ ಇರೋ ಸಬ್‌ವೂಫರ್ ಅನ್ನೋದು ದುಡ್ಡು ದಂಡ ಅಂತ ಹಿಂದಿನ ವಿಡಿಯೋದಲ್ಲಿ ನಾನೇ ಕೂಗಾಡಿದ್ದೆ ಅಲ್ವಾ, ಈಗ ಒಂದು ಚಿಕ್ಕದು ಬೇಕೇನೋ ಅನ್ಸ್ತಿದೆ. ಆ ವಿಡಿಯೋ ಡಿಲೀಟ್ ಮಾಡಲ್ಲ, ಬೈಯೋರು ಅಲ್ಲೇ ಬಂದು ಬೈಯಿರಿ.

ಆ ಹುಡುಗನಿಗೆ ಸಾರಿ ಅಂತ ವಾಯ್ಸ್ ಮೆಸೇಜ್ ಕಳಿಸಿದ್ದೀನಿ, ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಇನ್ನು ಮಣೆ ಬದಲು ಸ್ಟ್ಯಾಂಡ್ ವಿಷ್ಯ ಹೇಳ್ಬೇಕಿತ್ತು, ಅದು… ತಡೀರಿ, ಅಮ್ಮ ಕೂಗ್ತಿದ್ದಾರೆ. ರಿಮೋಟಲ್ಲಿ ಸೆಲ್ ಇಲ್ವಂತೆ, ಸೀರಿಯಲ್ ಶುರುವಾಯ್ತಂತೆ. ಅಪ್ಪಾ, ಆ ಸೆಲ್ ಎಲ್ಲಿಟ್ರಿ?