ಬೊಮ್ಮನಿಗೆ ಏಡನ್‌ನಿಂದ ನಮಸ್ಕಾರ

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ. ನೀವು ಎದ್ದು ಹೋಗೋದಿಲ್ಲ ಅನ್ನೋ ಧೈರ್ಯ ನನಗಿದೆ. ಹಿಂದೆ ಹಡಗಿನವರ ಪಾಡೂ ಇದೇ, ಗಾಳಿ ತಿರುಗುವ ತನಕ ಬಂದರಿನಲ್ಲೇ ಕೂರಬೇಕಿತ್ತು.

ನನ್ನದು ಒಂದೇ ತಕರಾರು. ನಾವು ಕಡಲಿಗೆ ಬೆನ್ನು ಹಾಕಿ ಚರಿತ್ರೆ ಓದಿದವರು. ವಿಷ್ಣುವರ್ಧನ ತಲಕಾಡು ಗೆದ್ದದ್ದು ಯಾವಾಗ ಅಂದರೆ ನಿದ್ದೆಯಲ್ಲೂ 1116 ಅಂತೀವಿ. ಅದೇ ವಿಷ್ಣುವರ್ಧನ ಆಳುತ್ತಿದ್ದಾಗ ಮಂಗಳೂರಿನಲ್ಲಿ ಟುನೀಸಿಯಾ ಕಡೆಯ ಒಬ್ಬ ಯಹೂದಿ ಹಿತ್ತಾಳೆ, ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಅದು ಯಾವ ಪರೀಕ್ಷೆಗೂ ಬರಲಿಲ್ಲ, ಅಲ್ವಾ?

ಹೆಸರು ಅಬ್ರಹಾಂ ಬೆನ್ ಯಿಜು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟ. ಆಮೇಲೆ ಅವಳ ಜೊತೆಗೇ ಸಂಸಾರ ಹೂಡಿದ ಅಂತ ವಿದ್ವಾಂಸರು ಹೇಳುತ್ತಾರೆ. 1149ರಲ್ಲಿ ಯೆಮೆನ್‌ನ ಏಡನ್ ಬಂದರಿಗೆ ಹಿಂತಿರುಗಿದ.

ಇದೆಲ್ಲ ಗೊತ್ತಾಗಿದ್ದು ಹಳೇ ಕೈರೋದ ಒಂದು ಸಿನಗಾಗಿನ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ, ಕಾಗದದ ಕೋಣೆಯಿಂದ. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದು ಅಂತ ಅಲ್ಲಿ ತುಂಬಿಡುತ್ತಿದ್ದರು. ನಮ್ಮಲ್ಲಿ ಪುಸ್ತಕ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಅದೇ ಭಯ. ಆ ಭಯದಿಂದ ಲೆಕ್ಕದ ಚೀಟಿಗಳೂ ಉಳಿದವು.

ಆ ಚೀಟಿಗಳಲ್ಲಿ ಏನಿದೆ ಗೊತ್ತಾ? ಇಲ್ಲಿಂದ ಮೆಣಸು, ಕಬ್ಬಿಣ, ಅಡಿಕೆ. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬಿಳೀ ಕಾಗದ. ನಮ್ಮವರು ತಾಳೆಗರಿಯಲ್ಲಿ ಬರೆಯುವವರು, ಬೆನ್ ಯಿಜುಗೆ ಕಾಗದ ಅಂದರೆ ಪ್ರಾಣ. ಬಂದ ಪತ್ರದ ಖಾಲಿ ಜಾಗದಲ್ಲೇ ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ. ಏಡನ್‌ನಿಂದ ಒಡಕು ತಾಮ್ರ ಬಂದರೆ ಇಲ್ಲಿ ಕರಗಿಸಿ ಹೊಸ ಪಾತ್ರೆ ಮಾಡಿಸಿ ಕಳಿಸುತ್ತಿದ್ದ. ಏಲಕ್ಕಿಗೆ ಅಂತ ಮುಂಗಡ ತಗೊಂಡ ಒಬ್ಬ ಮಾಲೇ ಕೊಡಲಿಲ್ಲ. ಏಡನ್‌ನವರು ಅದಕ್ಕಾಗಿ ಪತ್ರದ ಮೇಲೆ ಪತ್ರ ಬರೆದು ಬೆನ್ ಯಿಜುವಿನ ತಲೆ ತಿಂದರು. ಸಾಲ ವಸೂಲಿಯ ಕಥೆ ಎಲ್ಲ ಕಾಲಕ್ಕೂ ಒಂದೇ ಬಿಡಿ.

ನನಗೆ ಇಷ್ಟದವನು ಇನ್ನೊಬ್ಬ. ಬೆನ್ ಯಿಜುವಿನ ದಾಸ, ಅವನ ಪರವಾಗಿ ಮಾಲು ತಗೊಂಡು ಏಡನ್‌ಗೆ ಹೋಗಿ ಬಂದವನು. ಪತ್ರದಲ್ಲಿ ಅವನ ಹೆಸರು ಮೂರೇ ಹೀಬ್ರೂ ಅಕ್ಷರ. ಅದನ್ನು ಬೊಮ್ಮ ಅಂತ ಓದಿದ್ದಾರೆ. ನಮ್ಮ ಬೊಮ್ಮ! 1148ರಲ್ಲಿ ಏಡನ್‌ನ ವ್ಯಾಪಾರಿ ಖಲಫ್, ಬೊಮ್ಮನಿಗೂ ನಮಸ್ಕಾರ ತಿಳಿಸಿ ಅಂತ ಬರೆಯುತ್ತಾನೆ. ಶಾಸನಗಳಲ್ಲಿ ಹೆಸರು ಬರಬೇಕಾದರೆ ದಾನ ಕೊಡಬೇಕು, ಇಲ್ಲ ಯುದ್ಧದಲ್ಲಿ ಸಾಯಬೇಕು. ಇವನು ಎರಡನ್ನೂ ಮಾಡದೆ ಉಳಿದುಬಿಟ್ಟ. ಕಡಲ ಕಡೆ ಮುಖ ಮಾಡಿ ಓದಿದರೆ ಇಂಥವರು ಸಿಗುತ್ತಾರೆ.

ಹೊತ್ತಾಯ್ತು ಅಂತ ಸಂಘಟಕರು ಚೀಟಿ ಕಳಿಸಿದ್ದಾರೆ. ಕಾಗದ ಇಷ್ಟು ಅಗ್ಗವಾಗಬಾರದಿತ್ತು. ಭಟ್ಕಳದ ಕುದುರೆ ವ್ಯಾಪಾರದ ಬಗ್ಗೆ ನಾಲ್ಕು ಹಾಳೆ ತಂದಿದ್ದೆ, ಇರಲಿ. ಹದಿನಾಲ್ಕನೇ ಶತಮಾನದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರದಲ್ಲಿ ಹುಡುಗಿಯರ 13 ಶಾಲೆ, ಹುಡುಗರ 23 ಶಾಲೆ ಕಂಡೆ ಅಂತ ಬರೆದಿದ್ದಾನೆ. ಅದೂ ಸುಮ್ನೆ ಹೇಳಿ ಮುಂದೆ ಹೋಗುತ್ತೇನೆ.

ಘಟ್ಟದ ಮೇಲಿನವರು, ಇದು ಕರಾವಳಿಯವರ ಮಾತು, ನಮಗೇನು ಅನ್ನಬೇಡಿ. ಐಹೊಳೆಯಲ್ಲಿ ಕಡಲಿಲ್ಲ, ಮಲಪ್ರಭೆ ಇದೆ. ಆ ಊರಿನ ಹೆಸರು ಹೊತ್ತ ವರ್ತಕರ ಸಂಘ ಐನೂರ್ವರದು. ಅವರ 1088ರ ತಮಿಳು ಶಾಸನ ಸಿಕ್ಕಿರುವುದು ಇಂಡೋನೇಷ್ಯಾದ ಸುಮಾತ್ರ ದ್ವೀಪದ ಬಾರುಸ್ ಹತ್ತಿರ. ಬಾರುಸ್ ಹೆಸರಾಗಿದ್ದು ಯಾತಕ್ಕೆ ಗೊತ್ತಾ? ಕರ್ಪೂರಕ್ಕೆ.

ಆಯ್ತು, ಎರಡನೇ ಚೀಟಿ ಬಂತು. ಪ್ರಶ್ನೆ ಇದ್ದವರು ಚಹಾ ಹತ್ತಿರ ಬನ್ನಿ.