ಮಿನಿಟ್ಸ್ ಯಾರು ಬರೆಯಬೇಕು?

ಎಲ್ಲರಿಗೂ ನಮಸ್ಕಾರ. ಇವತ್ತು ಇಷ್ಟೊಂದು ಗಂಡಸರು ಬಂದಿದ್ದೀರಿ, ನಿಜವಾಗಿ ಖುಷಿಯಾಯಿತು. ಸಾಮಾನ್ಯವಾಗಿ ಹೆಣ್ಣು-ಗಂಡು ಸಮಾನತೆ ಬಗ್ಗೆ ನಡೆಯುವ ಇಂಥ ಸಭೆಗಳಲ್ಲಿ ಹೆಂಗಸರೇ ಕೂತು, ತಮಗೆ ಮೊದಲೇ ಗೊತ್ತಿರುವುದನ್ನು ಇನ್ನೊಮ್ಮೆ ಕೇಳಿಸಿಕೊಂಡು ಹೋಗುತ್ತಾರೆ. ಹಾಗಾಗಿ ನನ್ನ ಮಾತು ಜಾಸ್ತಿ ಗಂಡಸರ ಜೊತೆಗೇ.

ಕೆಲಸದ ಜಾಗದಲ್ಲಿ ಸಮಾನತೆ ಬೇಕಾ ಅಂತ ಕೇಳಿದರೆ ಇಲ್ಲಿ ಯಾರೂ ಬೇಡ ಅನ್ನುವುದಿಲ್ಲ. 2014ರಲ್ಲಿ ವಿಶ್ವಸಂಸ್ಥೆ ‘ಹೀಫಾರ್‌ಷೀ’ ಅಭಿಯಾನ ಶುರು ಮಾಡಿತು, ಹೆಂಗಸರ ಸಮಾನತೆಗೆ ಗಂಡಸರೂ ಜೊತೆ ನಿಲ್ಲಲಿ ಅಂತ. ಲಕ್ಷಗಟ್ಟಲೆ ಗಂಡಸರು ಬೆಂಬಲ ಬರೆದುಕೊಟ್ಟರು. ಒಳ್ಳೆಯದೇ. ಆದರೆ ಮಾರನೆಯ ದಿನ ಆಫೀಸಿನಲ್ಲಿ ಅವರು ಏನು ಮಾಡಿದರು? ನನಗೆ ಮುಖ್ಯ ಅನಿಸುವುದು ಅದು. ಜೊತೆಗಿದ್ದೇವೆ ಅನ್ನುವವರು ಒಂದಿಷ್ಟು ಕೆಲಸವನ್ನೂ ಹೊತ್ತುಕೊಳ್ಳಬೇಕು.

ಒಂದು ಮೀಟಿಂಗ್ ವಿಷಯ ಹೇಳುತ್ತೇನೆ. ಹೊಸ ಯಂತ್ರ ಖರೀದಿ ಬಗ್ಗೆ ಇತ್ತು. ನಾನೂ ಇದ್ದೆ. ಮೇಜಿನ ಸುತ್ತ ನಾವೆಲ್ಲ ಗಂಡಸರು, ಒಬ್ಬರು ಮಾತ್ರ ಮಹಿಳಾ ಎಂಜಿನಿಯರ್. ‘ಮಿನಿಟ್ಸ್ ಯಾರು ಬರ್ಕೋತೀರಿ?’ ಅಂದರು ಮ್ಯಾನೇಜರ್. ಮಿನಿಟ್ಸ್ ಅಂದರೆ ಮೀಟಿಂಗ್‌ನಲ್ಲಿ ಏನೇನು ಮಾತಾಯಿತು ಅನ್ನುವ ಟಿಪ್ಪಣಿ. ಯಾರೂ ಮಾತಾಡಲಿಲ್ಲ. ಒಬ್ಬರು ಫೋನ್ ತೆಗೆದರು. ಇನ್ನೊಬ್ಬರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರು. ಆಮೇಲೆ ಎಲ್ಲರ ಕಣ್ಣೂ ಮೆಲ್ಲಗೆ ಆಕೆಯ ಕಡೆ ಹೋಯಿತು. ‘ಮೇಡಂ, ನಿಮ್ಮ ಅಕ್ಷರ ಚೆನ್ನಾಗಿದೆ’ ಅಂದರು ಒಬ್ಬರು. ಬರೆಯಬೇಕಾಗಿದ್ದು ಲ್ಯಾಪ್‌ಟಾಪ್‌ನಲ್ಲಿ! ಆಕೆ ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಸಹೋದ್ಯೋಗಿ, ‘ಇವತ್ತು ನಾನು ಬರೀತೀನಿ ಸರ್. ಮುಂದಿನ ಸಲ ಇನ್ನೊಬ್ಬರು. ಸರದಿ ಮೇಲೆ ಮಾಡೋಣ’ ಅಂದರು. ಭಾಷಣ ಇಲ್ಲ, ಜಗಳ ಇಲ್ಲ. ಮ್ಯಾನೇಜರ್ ಸರಿ ಅಂದರು.

ಮುಂದೆ ಆಗಿದ್ದನ್ನು ಕೇಳಿ. ಯಂತ್ರದ ಬೆಲೆಯ ಬಗ್ಗೆ ಮಾತು ನಡೆದಿತ್ತು. ಆಕೆ ನಡುವೆ ಬಂದು, ವಾರಂಟಿ ಮುಗಿದ ಮೇಲೆ ಬಿಡಿಭಾಗ ಯಾರು ಕೊಡುತ್ತಾರೆ, ರಿಪೇರಿಗೆ ಎಷ್ಟು ದಿನ ಯಂತ್ರ ನಿಲ್ಲಿಸಬೇಕು ಅಂತ ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆವತ್ತು ಆರ್ಡರ್ ಕೊಡಲಿಲ್ಲ. ಆಕೆಯೇ ಮಿನಿಟ್ಸ್ ಬರೆಯುತ್ತಾ ಕೂತಿದ್ದರೆ ಈ ಪ್ರಶ್ನೆ ಬರುತ್ತಿತ್ತಾ? ಒಬ್ಬರ ಮಾತು ಬರೆದು ಮುಗಿಸುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತದೆ, ಅಲ್ವಾ?

ಇದು ಒಂದು ಆಫೀಸಿನ ಕಥೆ ಅಂದುಕೊಳ್ಳಬೇಡಿ. ಅರ್ಥಶಾಸ್ತ್ರಜ್ಞೆಯರಾದ ಲಿಂಡಾ ಬ್ಯಾಬ್‌ಕಾಕ್, ಲೀಸ್ ವೆಸ್ಟರ್‌ಲುಂಡ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಗುಂಪಿನಲ್ಲಿ ಯಾರಾದರೊಬ್ಬರು ಒಂದು ಕೆಲಸಕ್ಕೆ ಮುಂದೆ ಬರಬೇಕು, ಯಾರೂ ಬರದಿದ್ದರೆ ಎಲ್ಲರಿಗೂ ನಷ್ಟ. ಆದರೆ ಬಂದವರಿಗೆ ಉಳಿದವರಿಗಿಂತ ಕಡಿಮೆ ಹಣ. ಹೆಂಗಸರು, ಗಂಡಸರು ಇಬ್ಬರೂ ಇದ್ದ ಗುಂಪುಗಳಲ್ಲಿ ಮುಂದೆ ಬಂದವರಲ್ಲಿ ಹೆಂಗಸರೇ ಜಾಸ್ತಿ. ಬರೀ ಗಂಡಸರ ಗುಂಪಿನಲ್ಲಿ? ಗಂಡಸರು ಆರಾಮಾಗಿ ಮುಂದೆ ಬಂದರು. ಅಂದರೆ ನಮಗೆ ಬರುತ್ತದೆ. ಹೆಂಗಸರಿದ್ದರೆ ಅವರು ಮಾಡಲಿ ಅಂತ ಕಾಯುತ್ತೇವೆ, ಅಷ್ಟೇ. ಬೀಳ್ಕೊಡುಗೆಗೆ ದುಡ್ಡು ಒಟ್ಟು ಮಾಡುವುದು, ಹೊಸಬರಿಗೆ ಕೆಲಸ ತೋರಿಸುವುದು, ಇಬ್ಬರ ಮನಸ್ತಾಪ ಸರಿಮಾಡುವುದು, ಎಲ್ಲ ಇದೇ ಲೆಕ್ಕ. ಪ್ರಮೋಷನ್ ಫಾರಂನಲ್ಲಿ ಇದಕ್ಕೆ ಕಾಲಂ ಇರುವುದಿಲ್ಲ.

ರಜೆಯ ವಿಷಯವೂ ಹಾಗೆಯೇ. ಸ್ವೀಡನ್ 1974ರಲ್ಲೇ ಮಗುವನ್ನು ನೋಡಿಕೊಳ್ಳುವ ರಜೆಯನ್ನು ಅಪ್ಪಂದಿರಿಗೂ ಕೊಟ್ಟಿತು. ತೆಗೆದುಕೊಂಡವರು ತೀರಾ ಕಡಿಮೆ. 1995ರಲ್ಲಿ ಒಂದು ತಿಂಗಳನ್ನು ಅಪ್ಪನಿಗೇ ಅಂತ ಇಟ್ಟರು, ಬಿಟ್ಟರೆ ಹೋಯಿತು. ಆಗ ಗಂಡಸರು ರಜೆ ಹಾಕಲು ಶುರು ಮಾಡಿದರು. ನಾರ್ವೆ ಇದನ್ನು 1993ರಲ್ಲೇ ಮಾಡಿತ್ತು. ಅಲ್ಲಿನ ದಾಖಲೆ ನೋಡಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು ಇದು: ಒಬ್ಬ ಸಹೋದ್ಯೋಗಿ ರಜೆ ತೆಗೆದುಕೊಂಡರೆ ಉಳಿದ ಗಂಡಸರೂ ತೆಗೆದುಕೊಳ್ಳುವುದು ಜಾಸ್ತಿಯಾಗುತ್ತದೆ. ಮೇಲಿನ ಹಂತದ ಮ್ಯಾನೇಜರೇ ತೆಗೆದುಕೊಂಡರೆ ಪರಿಣಾಮ ಎರಡು ಪಟ್ಟಿಗಿಂತ ಜಾಸ್ತಿ. ಮುಂದಿನ ಸಾಲಿನಲ್ಲಿರುವ ಮ್ಯಾನೇಜರ್‌ಗಳು ದಯವಿಟ್ಟು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನೀವು ರಜೆ ಹಾಕುವುದೂ ನಿಮ್ಮ ಟೀಮಿಗೆ ಮಾಡುವ ಕೆಲಸವೇ.

ಚೀಟಿ ಬಂತು, ಐದು ನಿಮಿಷ ಅಂತೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಸಂಬಳ. ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಡಂಬಡಿಕೆ ಮಾಡಿದ್ದು 1951ರಲ್ಲಿ. ಜೊತೆಗೆ ಕೆಲಸ ಮಾಡುವ ಮಹಿಳೆ ಕೇಳಿದರೆ ನಿಮ್ಮ ಸಂಬಳ ಎಷ್ಟು ಅಂತ ಹೇಳಿ. ಆಕೆಗೆ ಕಡಿಮೆ ಇದೆಯಾ ಅಂತ ಗೊತ್ತಾಗುವುದಕ್ಕೆ ಬೇರೆ ದಾರಿ ಕಡಿಮೆ.

ಕೀಳು ಜೋಕ್. ಹೆಂಗಸರು ಇಲ್ಲದಾಗಲೂ ತಡೆಯಿರಿ. ಅಲ್ಲೇ, ಆಗಲೇ. ‘ಅದು ಬೇಡ ಬಿಡಿ’ ಅಂದರೂ ಸಾಕು.

ಇನ್ನೊಂದು, ಇದನ್ನು ಬಿಡಲು ಮನಸ್ಸಿಲ್ಲ. ಸಹಾಯ ಮಾಡುವ ಹುರುಪಿನಲ್ಲಿ ಹೆಂಗಸರ ಬಾಯಿಂದ ಮಾತು ಕಿತ್ತುಕೊಳ್ಳಬೇಡಿ. ಯಾರಾದರೂ ನಡುವೆ ಬಾಯಿ ಹಾಕಿದರೆ ‘ಅವರು ಮುಗಿಸಲಿ’ ಅನ್ನಿ. ಆಮೇಲೆ ನೀವೂ ಕೇಳಿಸಿಕೊಳ್ಳಿ. ಕಿರುಕುಳವಾದರೆ ದೂರು ಕೊಡಬೇಕೋ ಬೇಡವೋ ಅನ್ನುವುದನ್ನು ಅವರೇ ನಿರ್ಧರಿಸಲಿ. ಕೊಟ್ಟರೆ, ನೀವು ನೋಡಿದ್ದನ್ನು ಆಫೀಸಿನ ದೂರು ಸಮಿತಿಯ ಮುಂದೆ ಹೋಗಿ ಹೇಳಿ. ಸಾಕ್ಷಿ ಹೇಳುವ ದಿನ ಜೊತೆಗೆ ಬಂದವರು ಯಾರು ಅನ್ನುವುದನ್ನು ಅವರು ಮರೆಯುವುದಿಲ್ಲ.

ಮೈಕ್ ಹಿಂದಿನ ಸಾಲಿಗೆ ಕೊಡಿ. ಅಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ.